ತಲೆ ಎತ್ತಿದರೆ ಕಾಣುವ ಮುಖ

ಎಲೆ ಮೇಸ್ತ್ರಿಯ ಜೊತೆ ಎಲ್ಲಿಗಾದರೂ ಹೋಗುವುದೆಂದರೆ ಅವನ ಹೆಂಡತಿಗೆ ಮೊದಲಿನಿಂದಲೂ ತಲೆನೋವು. ಬ್ಯಾಂಕಿಗೆ ಹೋಗಲಿ, ಯಾರದೋ ಮದುವೆಗೆ ಹೋಗಲಿ, ಈ ಮನುಷ್ಯ ಬಾಗಿಲು ದಾಟಿದ ಕೂಡಲೇ ಕತ್ತೆತ್ತಿ ಚಾವಣಿ ನೋಡುತ್ತ ನಿಂತುಬಿಡುತ್ತಾನೆ. ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದು, ಅವರ ಕೈಯಲ್ಲೇ ಬೈಸಿಕೊಳ್ಳುತ್ತಾನೆ. ಮಗಳು ಹುಟ್ಟಿದ ದಿನ ನರ್ಸಮ್ಮ ಕೂಸನ್ನು ತಂದು ಮುಂದೆ ಹಿಡಿದರೆ, ಇವನು ಮೊದಲು ಹೇಳಿದ್ದು ಆಸ್ಪತ್ರೆಯ ಸೂರಿನಂಚಿನ ಗಾರೆಯ ಬಳ್ಳಿಯನ್ನು ಯಾರೋ ಬಲು ಚೆನ್ನಾಗಿ ಎಳೆದಿದ್ದಾರೆ ಎಂದು. ಆ ಮಾತನ್ನು ಹೆಂಡತಿ ಇವತ್ತಿಗೂ ಮರೆತಿಲ್ಲ, ಮರೆಯುವ ಲಕ್ಷಣವೂ ಇಲ್ಲ.

ಹಳೆಯ ಕಟ್ಟಡಗಳ ಗಾರೆ ಅಲಂಕಾರ ಉದುರಿದರೆ ಅದನ್ನು ಮತ್ತೆ ಮಾಡಿ ಕೂರಿಸುವುದು ಅವನ ಕಸುಬು. ಕಲಿಸಿದವನು ಸೋದರಮಾವ. ಆ ಮಹಾರಾಯ ಅಳಿಯನ ಕೈಗೆ ಎಲೆ ಬಿಟ್ಟು ಬೇರೇನೂ ಕೊಡಲಿಲ್ಲ. ಹೂವು, ಹಕ್ಕಿ, ಸಿಂಹ ಎಲ್ಲ ಮಾವನ ಪಾಲು. ಗರಗಸದಂಚಿನ ಎಲೆ, ಸುರುಳಿ ಎಲೆ, ತುದಿ ಮಡಚಿದ ಎಲೆ ಅಳಿಯನ ಪಾಲು. ಮಾವ ತೀರಿಕೊಂಡ ಮೇಲೂ ಜನ ಇವನನ್ನು ಎಲೆ ಮೇಸ್ತ್ರಿ ಎಂದೇ ಕರೆದರು. ಅವನಿಗೂ ಅದರಲ್ಲಿ ಬೇಜಾರಿರಲಿಲ್ಲ.

ಅವನ ಕೆಲಸದ ಕೋಣೆಯ ಗೋಡೆಗಳ ತುಂಬ ಕ್ಯಾಲೆಂಡರಿನಿಂದ, ಹಳೆ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು. ಒಂದರಲ್ಲಿ ನೀಲಿ ಹೆಂಚುಗಳ ಗುಮ್ಮಟ, ಇನ್ನೊಂದರಲ್ಲಿ ತಲೆಯ ಮೇಲೆ ಎಲೆಗಳ ಬುಟ್ಟಿ ಹೊತ್ತಂಥ ಕಲ್ಲಿನ ಕಂಬ, ಮತ್ತೊಂದರಲ್ಲಿ ಮರದಲ್ಲಿ ಕೊರೆದ ಜಾಲಂಧ್ರ. ಯಾವ ದೇಶದ್ದು ಯಾವುದೆಂದು ಕೇಳಿದರೆ ಅರ್ಧಕ್ಕರ್ಧ ತಪ್ಪು ಹೇಳುತ್ತಿದ್ದ, ಅದೂ ಬಹಳ ಧೈರ್ಯವಾಗಿ. ಆದರೆ ಒಂದು ಮಾತು ಮಾತ್ರ ಅವನು ಎದೆ ತಟ್ಟಿ ಹೇಳುವಂಥದ್ದು. ಭೂಮಿಯ ಯಾವ ಮೂಲೆಗೆ ಹೋದರೂ ಗೋಡೆ ಎಬ್ಬಿಸಿದವನಿಗೆ ಅದನ್ನು ಬೋಳಾಗಿ ಬಿಡಲು ಮನಸ್ಸು ಬಂದಿಲ್ಲ. ಮಳೆ ನಿಲ್ಲಿಸಲು ಸೂರು ಸಾಕು, ಎಲೆಯೇನೂ ಬೇಕಾಗಿಲ್ಲ, ಆದರೂ ಎಲ್ಲರೂ ಎಲೆ ಮಾಡಿದ್ದಾರೆ. ಮಾಡಿದ್ದರಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದೆ ಎಂದು ಕೊನೆಗೆ ಸೇರಿಸುತ್ತಿದ್ದ.

ಊರಿನ ಹಳೆಯ ರಂಗಮಂದಿರದ ರಿಪೇರಿ ಬಂದಾಗ ಅವನ ಎಲೆಯ ಬಾಳಿಗೆ ಸಣ್ಣದೊಂದು ತಿರುವು ಸಿಕ್ಕಿತು. ಆ ಮಂದಿರದ ಚಾವಣಿಯ ಕೆಳಗೆ, ಎತ್ತರದ ಕಿಟಕಿಗಳ ನಡುನಡುವೆ, ಒಂದೊಂದು ಗಾರೆಯ ಮುಖವಿದೆ. ದೇವರದ್ದಲ್ಲ, ರಾಜನದ್ದಲ್ಲ. ಅಂದಿನ ಕೆಲಸಗಾರರು ತಂತಮ್ಮ ಮನೆಯವರನ್ನೇ ಮೇಲೆ ಕೂರಿಸಿ ಬಿಟ್ಟಿದ್ದರು. ಒಬ್ಬನಿಗೆ ಮಾಲುಗಣ್ಣು, ಒಬ್ಬ ಅಜ್ಜಿಗೆ ಬಾಯಲ್ಲಿ ಹಲ್ಲಿಲ್ಲ. ಅವುಗಳಲ್ಲಿ ಒಂದು ನೀರು ಸೋರಿ ಬಿದ್ದು ಪುಡಿಯಾಗಿತ್ತು. ಅದು ಯಾರ ಮುಖವಾಗಿತ್ತೆಂದು ನೆನಪಿದ್ದವರು ಯಾರೂ ಉಳಿದಿರಲಿಲ್ಲ. ಮಂದಿರದ ಮ್ಯಾನೇಜರು, ಹಿಂದಿನವರ ಪದ್ಧತಿ ಯಾಕೆ ಮುರಿಯುವುದು, ನಿಮ್ಮ ಮನೆಯವರನ್ನೇ ಯಾರನ್ನಾದರೂ ಮಾಡಿ ಎಂದ. ಮೇಸ್ತ್ರಿ ಎರಡನೇ ಯೋಚನೆ ಮಾಡದೆ ಹೆಂಡತಿಯ ಮುಖ ಮಾಡಲು ಜೇಡಿಮಣ್ಣು ಕಲಸಿದ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಅಷ್ಟು ಎತ್ತರಕ್ಕೆ ಹೋಗುವ ಮುಖವನ್ನು ಕನ್ನಡಿಯಲ್ಲಿ ಕಂಡಂತೆ ಮಾಡುವ ಹಾಗಿಲ್ಲ. ಕೆಳಗಿನಿಂದ ನೋಡುವವನ ಕಣ್ಣಿಗೆ ಗದ್ದವೇ ದೊಡ್ಡದಾಗಿ, ಹಣೆ ಹಿಂದೆ ಸರಿದು ಮಾಯವಾಗುತ್ತದೆ. ಹಾಗಾಗಿ ಹಣೆಯನ್ನು ಉಬ್ಬಿಸಿ ಮುಂದಕ್ಕೆ ಬಾಗಿಸಬೇಕು, ಕಣ್ಣನ್ನು ಗುಳಿ ಬೀಳುವಂತೆ ಕೊರೆಯಬೇಕು, ಗದ್ದವನ್ನು ಚಿವುಟಿ ಚಿಕ್ಕದು ಮಾಡಬೇಕು. ಇದು ಮಾವ ಬಾಯಲ್ಲಿ ಹೇಳಿಕೊಟ್ಟ ವಿದ್ಯೆ. ಮೇಸ್ತ್ರಿ ಅದನ್ನು ಚಾಚೂ ತಪ್ಪದೆ ಮಾಡಿದ. ಎಡವಟ್ಟಾಗಿದ್ದು ಬೇರೆ ಕಡೆ. ಮುಖ ಇನ್ನೂ ಮೇಜಿನ ಮೇಲಿರುವಾಗಲೇ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಬಂದಳು.

ಅವಳು ಊರಿಗೆಲ್ಲ ಬಟ್ಟೆ ಹೊಲಿಯುವವಳು. ಅಳತೆಯಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಮೂಗಿನ ಪಕ್ಕದ ಮಚ್ಚೆ ನೋಡಿ ಇದು ತಾನೇ ಎಂದು ಗೊತ್ತಾಯಿತು. ಉಳಿದದ್ದನ್ನೂ ನೋಡಿದಳು. ಗುಡಾಣದಂಥ ಹಣೆ, ಒಳಗೆ ಬಿದ್ದ ಕಣ್ಣು, ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ.

"ಇದು ನಾನಾ?"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಈಗಲೇ ನೋಡ್ಬೇಡ ಕಣೇ. ದೂರದಿಂದ ನೋಡಿದ್ರೆ ಚೆನ್ನಾಗಿ ಕಾಣ್ತೀಯ" ಎಂದ.

ಅಲ್ಲಿಗೆ ಮುಗಿಯಿತು. ಲೋಕದ ಯಾವ ಗಂಡನೂ ಆಡಬಾರದ ಮಾತನ್ನು ಈ ಪುಣ್ಯಾತ್ಮ ಕಸುಬಿನ ಭಾಷೆಯಲ್ಲಿ ಆಡಿ ಕೂತಿದ್ದ. ಅವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದಳು. ಸಂಜೆ ಹಣೆ ಯಾಕೆ ಉಬ್ಬಬೇಕು, ಗದ್ದ ಯಾಕೆ ಕುಗ್ಗಬೇಕು ಎಂದು ಅವನು ವಿವರಿಸುತ್ತ ಹೋದಷ್ಟೂ ಅವಳ ಮುಖ ಇನ್ನಷ್ಟು ಊದಿಕೊಂಡಿತು. ಮರುದಿನದಿಂದ ಮನೆಯಲ್ಲಿ ಮಾತೆಲ್ಲ ಮಗಳ ಮೂಲಕ. ಉಪ್ಪು ಬೇಕಾದರೂ ಮಗಳೇ ಕೇಳಬೇಕು. ಅವಳೋ, ಬಸ್ಸಿನ ಕಂಡಕ್ಟರು, ದಿನವಿಡೀ ಜನರ ಜಗಳ ಬಿಡಿಸಿ ಮನೆಗೆ ಬಂದರೆ ಇಲ್ಲೂ ಅದೇ ಡ್ಯೂಟಿ.

ಒಂದು ದಿನ ಅವಳು ತಂದ ಸುದ್ದಿ ಉಪ್ಪಿನದಾಗಿರಲಿಲ್ಲ. "ಅಪ್ಪಾ, ಅಮ್ಮನಿಗೆ ಹಣೆ ದೊಡ್ಡದಾಗಿದ್ದಕ್ಕೆ ಸಿಟ್ಟಲ್ಲ. ನಿಮ್ಮಪ್ಪ ಇಷ್ಟು ವರ್ಷ ಸೂರು ನೋಡ್ಕೊಂಡೇ ಕಳೆದ್ರು, ನನ್ನ ಮುಖ ಒಂದು ಸಲಾನೂ ಸರಿಯಾಗಿ ನೋಡಿಲ್ಲ, ಅದಕ್ಕೇ ಯಾರದೋ ಮುಖ ಮಾಡಿದ್ದಾರೆ ಅಂತಾಳೆ. ಅತ್ತಳು."

ಅತ್ತಳು ಎಂದರೆ ಅದು ಹುಡುಗಾಟದ ಮಾತಲ್ಲ. ಅವಳು ಸುಮ್ಮಸುಮ್ಮನೆ ಅಳುವ ಹೆಂಗಸಲ್ಲ. ಮಣ್ಣಿನ ಮುಖದಿಂದ ಅಚ್ಚು ತೆಗೆದು, ಗಾರೆ ಸುರಿದು, ಸಾರ್ವೆಯ ಮರಗಳನ್ನು ಹತ್ತಿ ಮೇಲೆ ಕೂರಿಸಿ ಮೇಸ್ತ್ರಿ ಕೆಳಗಿಳಿದ. ಅವಳು ಒಂದೇ ಒಂದು ಸಲ ಕೆಳಗೆ ನಿಂತು ತಲೆ ಎತ್ತಬೇಕು, ಅಷ್ಟೇ ಸಾಕಿತ್ತು. ಆದರೆ ರಂಗಮಂದಿರದ ಹೆಸರೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು.

ಸಾರ್ವೆ ಬಿಚ್ಚಿದ ಮೇಲೆ ಮ್ಯಾನೇಜರಿಗೆ ಪರದೆಯ ನೆನಪಾಯಿತು. ಹೊಸ ಪರದೆ ಉದ್ದವಾಗಿ ನೆಲದ ಮೇಲೆ ಎಳೆಯುತ್ತಿತ್ತು. ಅಷ್ಟು ಭಾರದ ಬಟ್ಟೆಯನ್ನು ಅಲ್ಲಿಯೇ ಕೂತು ಕೈಯಲ್ಲೇ ಅಂಚು ಮಡಚಿ ಹೊಲಿಯಬೇಕು, ಅದಕ್ಕೆ ಊರಲ್ಲಿ ಇವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕೆಲಸ ಅಂದರೆ ಕೆಲಸ. ಅವಳು ಬಂದಳು, ನೆಲ ನೋಡುತ್ತಲೇ ಒಳಗೆ ನಡೆದು, ನೆಲ ನೋಡುತ್ತಲೇ ವೇದಿಕೆ ಹತ್ತಿ ಕೂತಳು. ಮೇಸ್ತ್ರಿ ಕಂಬದ ಬುಡದ ಒಂದೆರಡು ಎಲೆ ತಿದ್ದುವ ನೆಪ ಮಾಡಿಕೊಂಡು ದೂರದಲ್ಲಿ ನಿಂತಿದ್ದ. ಆ ಎಲೆಗಳಿಗೆ ಯಾವ ರೋಗವೂ ಇರಲಿಲ್ಲ.

ಮೊದಲ ದಾರ ಮುಗಿಯಿತು. ಎರಡನೆಯದನ್ನು ಪೋಣಿಸಲು ಅವಳು ಸೂಜಿಯನ್ನು ಬೆಳಕಿಗೆ ಹಿಡಿದಳು. ಬೆಳಕಿದ್ದದ್ದು ಮೇಲಿನ ಕಿಟಕಿಯಲ್ಲಿ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು ಸೂಜಿಯ ಕಣ್ಣನ್ನು ಹುಡುಕುತ್ತಿದ್ದವಳಿಗೆ, ಕಿಟಕಿಯ ಪಕ್ಕದಲ್ಲಿ ಅದೇ ಹುಬ್ಬು, ಅದೇ ತುಟಿ ಕಂಡವು. ಹಣೆ ಹಣೆಯಷ್ಟೇ ಇತ್ತು. ಗದ್ದ ಗದ್ದದ ಜಾಗದಲ್ಲಿತ್ತು. ಮೇಲಿನಿಂದ ಅವಳೇ ಇಣುಕಿ, ಸೂಜಿಗೆ ದಾರ ಹಾಕುತ್ತಿದ್ದಳು.

ದಾರ ಕೈಯಲ್ಲೇ ಉಳಿಯಿತು. ಅವಳು ತುಂಬ ಹೊತ್ತು ಹಾಗೇ ನೋಡಿದಳು. ಮಾತು ಬಿಟ್ಟಮೇಲೆ ಮೊದಲ ಬಾರಿಗೆ, ಮಗಳ ಹಂಗಿಲ್ಲದೆ, "ರೀ, ಬನ್ನಿ ಇಲ್ಲಿ" ಎಂದಳು.

ಅವನು ಬಂದು ಪಕ್ಕದಲ್ಲಿ ಕೂತ.

"ದಾರ ಹಾಕೋವಾಗ ನಾನು ಹಿಂಗಿರ್ತೀನಿ ಅಂತ ನನಗೇ ಗೊತ್ತಿಲ್ಲ. ನೀವು ಯಾವಾಗ ನೋಡಿದ್ರಿ?"

"ದಿನಾ."

"ಮತ್ತೆ ಒಂದು ದಿನಾನೂ ಹೇಳ್ಲಿಲ್ಲ?"

ಮೇಸ್ತ್ರಿ ಉಗುರಿನ ಸಂದಿಯ ಗಾರೆ ಕೆರೆದುಕೊಂಡ. "ಹೇಳಿದ್ರೆ ನೀನು ತಲೆ ಎತ್ತಿ ನನ್ನ ಕಡೆ ನೋಡ್ತಿದ್ದೆ. ಆ ಮುಖ ಹೋಗ್ಬಿಡ್ತಿತ್ತು. ಅದಕ್ಕೇ, ನೀನು ತಿರುಗಿದಾಗೆಲ್ಲ ನಾನು ಸೂರು ನೋಡ್ತಿದ್ದೆ."

ಅವಳು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಮತ್ತೆ ಸೂಜಿ ಹಿಡಿದಳು. ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲೂ ಆಗಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ನೀವೇ ಹಾಕಿಕೊಡಿ" ಎಂದು ಸೂಜಿಯನ್ನು ಅವನ ಕೈಗೆ ಕೊಟ್ಟಳು.

ಜನ್ಮದಲ್ಲಿ ಸೂಜಿ ಮುಟ್ಟದವನು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಹುಬ್ಬು ಗಂಟಿಕ್ಕಿ, ನಾಲಿಗೆ ಕಚ್ಚಿಕೊಂಡು, ದಾರವನ್ನು ತೂತಿನ ಆಚೆಗೊಮ್ಮೆ ಈಚೆಗೊಮ್ಮೆ ಚುಚ್ಚತೊಡಗಿದ. ಅವಳು ಚಾವಣಿಯನ್ನು ಬಿಟ್ಟು, ಸದ್ದು ಮಾಡದೆ, ಅವನ ಮುಖವನ್ನೇ ನೋಡುತ್ತ ಕೂತಳು.