ಟೇಪು ಹಾಕಿದ ನಾಬು

ಬಿಳಿಕೆರೆ ಹತ್ತಿರ ಹೆದ್ದಾರಿಯ ಮೇಲೆ ಯಾರೋ ಪುಣ್ಯಾತ್ಮರು ಹುರುಳಿ ಹರಡಿದ್ದರು. ಬಸ್ಸು ಲಾರಿ ಅದರ ಮೇಲೆ ಹರಿದರೆ ಕಾಳು ತಾನಾಗಿ ಬಿಡುತ್ತದೆ, ಒಕ್ಕಣೆಯ ಕೆಲಸ ಉಳಿಯುತ್ತದೆ. ನಮ್ಮ ಕಡೆ ಇದು ಮಾಮೂಲು. ಆದರೆ ನನ್ನ ಬೈಕಿಗೆ ಅದು ತಿಳಿಯಬೇಕಲ್ಲ! ಜಾರಿ ಬಿದ್ದೆ, ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು. ಡಾಕ್ಟರು ಮಾತ್ರ, "ಇನ್ಮೇಲೆ ಈ ಕೈಯಲ್ಲಿ ಏನನ್ನೂ ಜೋರಾಗಿ ಬಡೀಬೇಡಿ" ಅಂದುಬಿಟ್ಟರು. ಬಡಿಯುವುದೇ ಕಸುಬಾದವನಿಗೆ ಹೇಳುವ ಮಾತೇ ಅದು?

ನಾನು ಹುಣಸೂರಿನವನು. ನಮ್ಮಪ್ಪ ತಗಡಿನ ಟ್ರಂಕು ಮಾಡುತ್ತಿದ್ದರು, ಹಾಗಾಗಿ ಬಡಿಯುವುದು ರಕ್ತದಲ್ಲೇ ಇತ್ತು ಅನ್ನಿ. ಮೊದಲು ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಎಳೆದೆ, ಆಮೇಲೆ ಒಂದು ಆರ್ಕೆಸ್ಟ್ರಾ ಸೇರಿ ಡ್ರಮ್ಸ್ ಹಿಂದೆ ಕೂತೆ. ಮದುವೆ, ಬೀಗರೂಟ, ಗಣೇಶನ ಪೆಂಡಾಲು, ಉರುಸು ಯಾವುದೂ ಬಿಟ್ಟಿಲ್ಲ. ತಂಡದ ಯಜಮಾನಿ ಕೆ.ಆರ್. ನಗರದ ಗಾಯಕಿ, ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ. ಅಕ್ಕನ ಗಂಟಲು ಜೇನು, ಲೆಕ್ಕಾಚಾರ ಮಾತ್ರ ಕಲ್ಲು.

ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ವಾರ ಅಕ್ಕ ಮೂಸಂಬಿ ಹಿಡಿದುಕೊಂಡು ಮನೆಗೆ ಬಂದರು. ಮೂಸಂಬಿ ಕಂಡ ಕೂಡಲೇ ಏನೋ ಕೆಟ್ಟ ಸುದ್ದಿ ಅಂತ ನನಗೆ ಗೊತ್ತಾಯಿತು.

"ಬೇಜಾರ್ ಮಾಡ್ಕಬ್ಯಾಡ ತಮ್ಮಾ" ಅಂದರು. "ಈಗೆಲ್ಲಾ ಟ್ರ್ಯಾಕ್ ಹಾಕ್ಕಂಡೇ ಹಾಡ್ತಾವ್ರೆ. ನಾವೂ ಅಂಗೇ ಮಾಡವ ಅಂತ."

ಟ್ರ್ಯಾಕ್ ಅಂದರೆ ಡ್ರಮ್ಸು, ತಬಲ, ಎಲ್ಲವನ್ನೂ ಮೊದಲೇ ಬಾರಿಸಿಟ್ಟ ರೆಕಾರ್ಡು. ಪೆನ್‌ಡ್ರೈವ್ ಚುಚ್ಚಿದರೆ ಆಯಿತು, ಗಾಯಕರು ಅದರ ಮೇಲೆ ಹಾಡಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಪೆನ್‌ಡ್ರೈವ್‌ಗೆ ಬೆವ್ರು ಬತ್ತದಾ ಅಕ್ಕಾ? ಜನ ಕುಣಿಯೋದ್ ನೋಡಿ ಅದು ಏಟು ಜಾಸ್ತಿ ಮಾಡ್ತದಾ?"

ಅಕ್ಕ ನಕ್ಕರು. "ಒಂದು ಕೆಲ್ಸ ಮಾಡು" ಅಂದರು. "ಕಂಪಲಾಪುರದಲ್ಲಿ ಬೀಗರೂಟ ಒಪ್ಕಂಡಿದ್ದೀನಿ. ತಮಟೆಯೋರಿಗೆ ಅವತ್ತೇ ಬ್ಯಾರೆ ಕಡೆ ಮದ್ವೆಯಂತೆ. ಬೀಗರು ತಮಟೆ ಏಟು ಬೇಕೇ ಬೇಕು ಅಂತ ಅಟ ಇಡ್ದವ್ರೆ. ಟ್ರ್ಯಾಕಲ್ಲಿ ತಮಟೆ ಅದೆ. ನೀನು ಕೈಯಲ್ಲೇ ಅದ್ನ ಬರ್ಸಿದ್ರೆ ನಿನ್ ಜಾಗ ನಿಂಗೇ. ಇಲ್ದಿದ್ರೆ ಬುಡು, ನಾನೇನೂ ಮಾಡಕಾಗಲ್ಲ."

ಮುರಿದ ಕೈಯಲ್ಲಿ ತಮಟೆ! ಹೂಂ ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

ಮೈಸೂರಿನಲ್ಲಿ ಬ್ಯಾಂಡು ಬಿಟ್ಟು ಪರೀಕ್ಷೆಗೆ ಓದುತ್ತಿದ್ದ ಒಬ್ಬ ಕಾಲೇಜು ವಿದ್ಯಾರ್ಥಿಯ ಹತ್ತಿರ, ಬೆರಳಲ್ಲಿ ಮುಟ್ಟಿದರೂ ನುಡಿಯುವ ಒಂದು ಪೆಟ್ಟಿಗೆ ಇದೆ ಅಂತ ಗೊತ್ತಿತ್ತು. ಹೋಗಿ ತಂದೆ. ಡ್ರಮ್ ಸಿಂಥಸೈಜರ್. ಊಟದ ತಟ್ಟೆಯಷ್ಟು ಅಗಲ, ಮೇಲೆ ನಾಲ್ಕು ರಬ್ಬರ್ ಪ್ಯಾಡು, ಒಂದೊಂದು ಪ್ಯಾಡಿಗೂ ಒಂದು ಸಾಲು ನಾಬು, ಅಂದರೆ ತಿರುಗಿಸುವ ಗುಂಡಿ. ಕೊಡುವಾಗ ಆತ ಹೇಳಿದ್ದು ಇಷ್ಟೇ: "ಅಂಕಲ್, ಇದ್ರೊಳಗೆ ಒಂದೂ ಸೌಂಡಿಲ್ಲ. ನೀವೇ ಮಾಡ್ಕೋಬೇಕು."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಆ ಮಾತನ್ನೇ ಮೆಲುಕು ಹಾಕಿದೆ. ಆರ್ಕೆಸ್ಟ್ರಾದವರು ಬಳಸುವ ರಿದಮ್ ಪ್ಯಾಡಿನಲ್ಲಿ ಶಬ್ದಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ, ಜಾಡಿಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಅದರಲ್ಲೂ ತಮಟೆ ಸಿಗುತ್ತದೆ. ಆದರೆ ಅದು ಯಾರೋ ಎಲ್ಲೋ ಬಾರಿಸಿದ ಒಂದೇ ಏಟು, ಎಷ್ಟು ಸಲ ಮುಟ್ಟಿದರೂ ಅದೇ ಮುಖ. ಅದಕ್ಕೂ ಟ್ರ್ಯಾಕಿಗೂ ಏನು ವ್ಯತ್ಯಾಸ? ನನ್ನ ತೊಡೆಯ ಮೇಲಿದ್ದ ಜಾಡಿ ಖಾಲಿ. ಬರೀ ಕರೆಂಟನ್ನು ತಿರುಚಿ ಶಬ್ದವನ್ನು ಆಗಿಂದಾಗಲೇ ಮಾಡಬೇಕು. ಹುಣಸೂರು ಬರುವಷ್ಟರಲ್ಲಿ ನನಗೆ ತಡೆಯಲಾಗದೆ ಕಾಲು ಕುಣಿಯುತ್ತಿತ್ತು.

ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಅದನ್ನು ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಒಂದು ಬೆರಳಲ್ಲಿ ಪ್ಯಾಡು ಮುಟ್ಟಿದೆ. "ಬೀಪ್" ಅಂತು, ಅಷ್ಟೇ. ಪಿಚ್ ಅನ್ನುವ ನಾಬನ್ನು ಕೆಳಕ್ಕೆ ತಿರುಗಿಸಿ ಮುಟ್ಟಿದೆ. ಗುಮ್! ಕಪಾಟಿನ ಗಾಜಿನ ಲೋಟಗಳೆಲ್ಲ ಕಿಣಿಕಿಣಿ ಅಂದವು. ಡಿಕೇ ಅನ್ನುವ ನಾಬು ಶಬ್ದ ಎಷ್ಟು ಹೊತ್ತು ಉಳಿಯಬೇಕು ಅನ್ನುವುದಕ್ಕೆ. ಜಾಸ್ತಿ ಮಾಡಿದರೆ ಗುಂಯ್ಯ್ ಅಂತ ಮನೆಯೆಲ್ಲ ಸುತ್ತಾಡಿ ಬರುತ್ತಿತ್ತು, ಕಮ್ಮಿ ಮಾಡಿದರೆ ಟಕ್ ಅಂತ ಅಲ್ಲೇ ಸಾಯುತ್ತಿತ್ತು. ಬೆಂಡ್ ಅನ್ನುವುದನ್ನು ತಿರುಗಿಸಿದರೆ ಶಬ್ದ ಮೇಲಿಂದ ಕೆಳಕ್ಕೆ ಧುಮುಕುತ್ತಿತ್ತು. ಡೋಲು ಬಂತು, ನಗಾರಿ ಬಂತು, ಹೆಸರೇ ಇಲ್ಲದ ಯಾವ್ಯಾವುವೋ ಬಂದವು. ಇಷ್ಟೆಲ್ಲ ಆಗುತ್ತಿದ್ದದ್ದು ಬೆರಳ ತುದಿಯಲ್ಲಿ. ಮಣಿಕಟ್ಟು ಒಂದು ಸಲವೂ ನೋಯಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ನಾನು ಡ್ರಮ್ಮರ್ ಅನ್ನಿಸಿತು, ಖುಷಿಗೆ ಕಣ್ಣು ಒದ್ದೆಯಾಯಿತು. ನಮ್ಮವಳು ಬಾಗಿಲಲ್ಲಿ ನಿಂತು ನೋಡಿ, "ಚಪ್ಪಲಿ!" ಅಂತ ಮಾತ್ರ ಅಂದಳು.

ಎಲ್ಲ ಬಂತು, ತಮಟೆ ಬರಲಿಲ್ಲ.

ಬೆಂಕಿಗೆ ಕಾಯಿಸಿದ ತಮಟೆಯ ದನಿ ಕೇಳಿದವರಿಗೆ ಗೊತ್ತು. ಬಲಗೈಯ ಗಿಡ್ಡ ಕೋಲು ಡಣ್ ಅಂದರೆ, ಎಡಗೈಯ ಬಿದಿರು ಕಡ್ಡಿ ಚರ್ರ್ ಅನ್ನುತ್ತದೆ. ಆ ಚರ್ರ್ ಬೆನ್ನು ಹತ್ತಿ ಕಾಲಿಗೆ ಇಳಿಯುತ್ತದೆ, ಮುದುಕರೂ ಎದ್ದು ನಿಲ್ಲುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಡಣ್ ಇತ್ತು, ಚರ್ರ್ ಇರಲಿಲ್ಲ. ಪಿಚ್ ಏರಿಸಿದೆ, ಇಳಿಸಿದೆ, ಡಿಕೇ ಕತ್ತರಿಸಿದೆ. ಏನು ಮಾಡಿದರೂ ಪ್ಲಾಸ್ಟಿಕ್ ಬಕೆಟ್ಟಿನ ಸದ್ದು. ದಿನಗಳು ಓಡುತ್ತಿದ್ದವು, ಬೀಗರೂಟ ಹತ್ತಿರ ಬರುತ್ತಿತ್ತು. ಅಕ್ಕನ ಪೆನ್‌ಡ್ರೈವು ನನ್ನ ಕುರ್ಚಿಯ ಮೇಲೆ ಕೂತ ಹಾಗೆ ಕನಸು ಕಂಡೆ.

ಮನೆಯಲ್ಲಿ ನಾವು ಆಡುವುದು ನಮ್ಮ ಉರ್ದು. ಆದರೆ ಜಗಳಕ್ಕೆ ಕನ್ನಡವೇ ಆಗಬೇಕು. ಒಂದು ಮಧ್ಯಾಹ್ನ ನಾನು ಪೆಟ್ಟಿಗೆಗೆ, ಮಾಡಿದ ಕಂಪನಿಗೆ, ಮೈಸೂರಿನ ಆ ವಿದ್ಯಾರ್ಥಿಗೆ ಸೇರಿಸಿ ಬೈಯುತ್ತಿದ್ದೆ.

"ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದಳು ನಮ್ಮವಳು, ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ.

"ಎಲ್ಲಾ ನಾಬೂ ತಿರುಗ್ಸಿ ಆಯ್ತು ಕಣೆ! ಇನ್ನೇನ್ ಉಳ್ದದೆ?"

"ಅದಕ್ಯಾಕೆ ಕರೀ ಟೇಪು ಹಾಕಿದ್ದೀರಿ ಮತ್ತೆ?"

ನಾಲ್ಕು ಸಾಲಿನಲ್ಲೂ ಕೊನೆಯ ನಾಬಿಗೆ ನಾನು ಇನ್ಸುಲೇಷನ್ ಟೇಪು ಸುತ್ತಿದ್ದೆ, ಅಪ್ಪಿತಪ್ಪಿಯೂ ತಿರುಗಬಾರದು ಅಂತ. ತಂದ ದಿನವೇ ಮಾಡಿದ ಕೆಲಸ ಅದು.

"ಅದು ನಾಯ್ಸ್ ಕಣೆ. ಅದು ಸೊನ್ನೆಯಲ್ಲೇ ಇರ್ಬೇಕು."

ಮೈಕ್‌ಸೆಟ್ಟಿನವನಿಗೆ ನಾಯ್ಸ್ ಅಂದರೆ ಪರಮ ವೈರಿ. ಜನರೇಟರಿನ ಗುಂಯ್, ಸಡಿಲ ವೈರಿನ ಚರಚರ, ಸ್ಪೀಕರಿನ ಶ್ ಶ್ ಇವನ್ನು ಹುಡುಕಿ ಕೊಲ್ಲುವುದಕ್ಕೇ ನನ್ನನ್ನು ಸಾಕಿದ್ದರು. "ನಾಯ್ಸ್ ಬತ್ತಾ ಅದೆ ಕಣ್ಲಾ" ಅಂತ ಯಾರಾದರೂ ಕೂಗಿದರೆ ಊಟ ಬಿಟ್ಟು ಓಡಿದವನು ನಾನು. ಅಂಥದ್ದಕ್ಕೆ ಕಂಪನಿಯವನು ಒಂದು ನಾಬನ್ನೇ ಇಟ್ಟಿದ್ದಾನಲ್ಲ, ಎಂಥ ಪೆದ್ದ ಅಂದುಕೊಂಡಿದ್ದೆ.

ನಮ್ಮವಳು ದಾರ ಹಲ್ಲಿನಲ್ಲಿ ಕಡಿದು, "ಗಲಾಟೆನೇ ಬೇಡ ಅಂದ್ರೆ ತಮಟೆ ಎಲ್ಲಿಂದ ಬತ್ತದೆ?" ಅಂದಳು. ಅವಳು ಅಂದದ್ದು ಚುಚ್ಚುವುದಕ್ಕೆ. ನನಗೆ ಚುಚ್ಚಿತು ಕೂಡ. ನಿಮ್ಮಪ್ಪನ ಮನೆಯಲ್ಲಿ ಎಷ್ಟು ತಮಟೆ ನೋಡಿದ್ದೀಯ ಅಂತ ಏನೋ ಅಂದೆ. ಆದರೆ ಕೈ ಆಗಲೇ ಟೇಪು ಕೀಳುತ್ತಿತ್ತು.

ನಾಯ್ಸ್ ನಾಬನ್ನು ಅರ್ಧಕ್ಕೆ ತಿರುಗಿಸಿ ಪ್ಯಾಡು ಮುಟ್ಟಿದೆ.

ಚರ್ರ್!

ಅಯ್ಯೋ ದೇವರೇ! ಇನ್ನೊಂದು ಸಲ ಮುಟ್ಟಿದೆ. ಚರ್ರ್! ಡಿಕೇ ಕಮ್ಮಿ ಮಾಡಿದೆ, ಬಿದಿರು ಕಡ್ಡಿಯ ಏಟೇ ಬಂತು. ಪಿಚ್ ಸ್ವಲ್ಪ ಏರಿಸಿದೆ, ಈಗತಾನೇ ಹುಲ್ಲು ಉರಿಸಿ ಕಾಯಿಸಿದ ಚರ್ಮ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ ನಾನು, ಅದೂ ಕೂಸಿಗೆ ಟೇಪು ಸುತ್ತಿ! ಎದ್ದು ಕುಣಿದೆ. ನಮ್ಮವಳ ಕೈ ಹಿಡಿದು ಎಳೆದೆ. ಅವಳು, "ಬಿಡಿ, ಬ್ಲೌಸು ಸಂಜೆಗೆ ಕೊಡ್ಬೇಕು" ಅಂದಳು, ಆದರೆ ನಗುತ್ತಿದ್ದಳು.

ಅಲ್ಲಿಗೆ ಒಬ್ಬ ತಮಟೆಯವನು ಸಿಕ್ಕಿದ. ಆದರೆ ತಮಟೆ ಅಂದರೆ ಒಬ್ಬನದಲ್ಲವಲ್ಲ, ಗುಂಪಿನದು. ನಾಲ್ಕೂ ಪ್ಯಾಡಿಗೆ ಒಂದೇ ಪಿಚ್ ಇಟ್ಟು ಬಾರಿಸಿದರೆ ಒಬ್ಬನೇ ಬೇಗ ಬೇಗ ಹೊಡೆದ ಹಾಗೆ ಕೇಳುತ್ತಿತ್ತು. ಒಂದನ್ನು ಕೂದಲೆಳೆಯಷ್ಟು ಇಳಿಸಿದೆ. ಇನ್ನೊಂದಕ್ಕೆ ನಾಯ್ಸ್ ಜಾಸ್ತಿ ಕೊಟ್ಟೆ, ಅದು ಚೆನ್ನಾಗಿ ಕಾದ ತಮಟೆ. ಮತ್ತೊಂದಕ್ಕೆ ಕಮ್ಮಿ ಕೊಟ್ಟೆ, ಅದು ಬಾರಿಸಿ ಬಾರಿಸಿ ತಣ್ಣಗಾದದ್ದು. ಬೆರಳುಗಳನ್ನು ಒಂದರ ಹಿಂದೆ ಒಂದು ಸ್ವಲ್ಪ ತಡಮಾಡಿ ಇಳಿಸಿದೆ. ಕೋಣೆಯೊಳಕ್ಕೆ ಒಂದು ಗುಂಪೇ ನುಗ್ಗಿದ ಹಾಗಾಯಿತು. ಒಬ್ಬ ಮುಂದೆ ಹೋಗುತ್ತಾನೆ, ಒಬ್ಬ ಎಳೆಯುತ್ತಾನೆ, ಇಬ್ಬರು ನಡುವೆ ಜಗಳವಾಡುತ್ತಾರೆ. ನನಗೆ ಮೈ ಜುಂ ಅಂತು.

ಕಂಪಲಾಪುರದ ಬೀಗರೂಟಕ್ಕೆ ಬೆಳಗ್ಗೆಯೇ ಹೋದೆವು. ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟ ಅದು. ಹುಡುಗಿಯ ಮನೆಯ ಮುಂದೆ ಶಾಮಿಯಾನ, ಹಿತ್ತಲಲ್ಲಿ ಒಲೆಗಳು, ಗಾಳಿಯಲ್ಲೆಲ್ಲ ಮಸಾಲೆಯ ವಾಸನೆ. ಬಂದವರೆಲ್ಲ ಉಣ್ಣಲಿ ಅಂತ ಕುರಿ ಹಲಾಲ್ ಮಾಡಲು ನಮ್ಮ ಸಾಬರನ್ನೇ ಕರೆಸುವುದು ಇಲ್ಲಿನ ರೂಢಿ, ಆದ್ದರಿಂದ ನನಗೆ ಊಟದ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಪೆಟ್ಟಿಗೆಯದು. ಕೀಬೋರ್ಡಿನವನು ಪೆನ್‌ಡ್ರೈವ್ ಚುಚ್ಚಿ ಸಿದ್ಧವಾಗಿಟ್ಟಿದ್ದ.

"ಒಂದು ಹಾಡು ನೋಡ್ತೀನಿ" ಅಂದರು ಅಕ್ಕ. "ಸರಿ ಹೋಗ್ನಿಲ್ಲ ಅಂದ್ರೆ ಟ್ರ್ಯಾಕು."

ಮೊದಲ ಪಂಕ್ತಿ ಕೂತಿತ್ತು. ಮುದ್ದೆ ಮುರಿಯುತ್ತಿದ್ದರು. ಅಕ್ಕ ಹಾಡು ಎತ್ತಿದರು, ನಾನು ಬೆರಳು ಇಳಿಸಿದೆ. ಸ್ಪೀಕರಿನಿಂದ ತಮಟೆ ಎದ್ದಿತು. ಸಾರಿನ ಬಕೆಟ್ಟು ಹಿಡಿದವನು ನಿಂತಲ್ಲೇ ಹೆಜ್ಜೆ ಹಾಕಿದ. ಹುಡುಗನ ಸೋದರಮಾವ ಎಂಜಲು ಕೈ ಮೇಲೆತ್ತಿಕೊಂಡು ಎಲೆ ಮುಂದಿನಿಂದ ಎದ್ದೇಬಿಟ್ಟ. "ಹಾಕ್ಲಾ ಹಾಕ್ಲಾ!" ಅಂತ ಕೂಗು. ಅವನು ಕುಣಿದಷ್ಟೂ ನಾನು ಏಟು ಬಿಗಿ ಮಾಡಿದೆ, ನಾನು ಬಿಗಿ ಮಾಡಿದಷ್ಟೂ ಅವನು ಕುಣಿದ. ಹಾಡು ಮುಗಿದರೂ ಜನ ಬಿಡಲಿಲ್ಲ. ಅಕ್ಕ ಎರಡನೆಯದನ್ನು ಎತ್ತಿದರು, ಮೂರನೆಯದನ್ನೂ ಎತ್ತಿದರು. ಆದರೆ ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಸರಿ ಹೋಯಿತೋ ಇಲ್ಲವೋ, ಆ ಬೆನ್ನು ನೋಡಿ ಏನು ತಿಳಿಯುತ್ತದೆ?

ಹಾಡು ನಿಲ್ಲಿಸಿ ನೀರು ಕುಡಿಯುತ್ತಿದ್ದಾಗ ಹಿತ್ತಲಿನಿಂದ ಅಡುಗೆಯವನೊಬ್ಬ ದೊಡ್ಡ ಹರಿವಾಣ ಹೊತ್ತು ಬಂದ. ಅದರಲ್ಲಿ ನಾಲ್ಕು ಎಲೆ, ನಾಲ್ಕರಲ್ಲೂ ಮುದ್ದೆ, ಬಾಡಿನ ಸಾರು. ಸ್ಟೇಜಿನ ಹಿಂದೆ ಇಣುಕಿದ, ಶಾಮಿಯಾನದ ಆಚೆ ನೋಡಿದ, ಬೇವಿನ ಮರದ ಕೆಳಗೆ ಹುಡುಕಿದ. ಕೊನೆಗೆ ಅಕ್ಕನ ಹತ್ತಿರ ಬಂದ.

"ಅಮ್ಮಾವ್ರೆ, ತಮಟೆಯೋರು ಎಲ್ಲಿ ಕುಂತವ್ರೆ? ಬರಾಕಿಲ್ಲ ಅಂದೋರು ಬಂದವ್ರಲ್ಲ, ಬಾರ್ಸೋರು ಅಸ್ಕಂಡಿರಬಾರ್ದು, ಮೊದ್ಲು ಅವ್ರಿಗೆ ಕೊಡು ಅಂತ ಒಳಗಿಂದ ಅಜ್ಜಿ ಕಳ್ಸವ್ರೆ. ಏಟು ಕೇಳಿ ನಾಕು ಜನ ಅವ್ರೆ ಅಂದ್ರು."

ಕೀಬೋರ್ಡಿನವನು ನನ್ನನ್ನು ನೋಡಿದ, ನಾನು ಅಕ್ಕನನ್ನು ನೋಡಿದೆ. ಅಕ್ಕ ಬಗ್ಗಿ ಪೆನ್‌ಡ್ರೈವ್ ಕಿತ್ತು ಪರ್ಸಿನೊಳಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ನಾಕು ಎಲೆನೂ ಅವನ ಮುಂದೇನೆ ಮಡಗಪ್ಪಾ."