ಎಂಟು ಸೆಕೆಂಡಿನ ಎಚ್ಚರಿಕೆ

ಶೈಲಾ ಅವರೇ, ನಿಮ್ಮ ಒಂದೂವರೆ ವರ್ಷದ ಕೆಲಸ ಒಂದೇ ದಿನದಲ್ಲಿ ಕರಗಿಹೋಗಲು ಕಾರಣ ನಾನು. ಇದನ್ನು ಅಂದೇ ಹೇಳಬೇಕಿತ್ತು— ಹೇಳಲಿಲ್ಲ.

ಸ್ವೀಡನ್ನಿನ ಮಾಲ್ಮೋದ ಆ ಪ್ರಯೋಗಾಲಯದಲ್ಲಿ ನೀವು ಪಿಎಚ್‌ಡಿ ಮಾಡುತ್ತಿದ್ದಿರಿ, ನಾನು ಅಲ್ಲಿನ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೆ. ಅದು ಮಾತುಮಾತಿಗೂ ಪರದೆಯ ನಡುವೆ ಒಂದು ಸಂದೇಶದ ಪೆಟ್ಟಿಗೆ ತೆರೆದು ನಿಂತುಬಿಡುತ್ತಿತ್ತು. ಯಾರಾದರೂ ಬಂದು ಓಕೆ ಒತ್ತುವ ತನಕ ಮುಂದಿನ ಕೆಲಸವಿಲ್ಲ. ಎಲ್ಲರೂ ಫಿಕಾಗೆ— ಆ ಊರಿನವರು ಏನು ತಪ್ಪಿಸಿದರೂ ತಪ್ಪಿಸದ ಕಾಫಿಗೆ— ಹೋಗಿ ಬರುವಷ್ಟರಲ್ಲಿ ಅಳತೆಗಳೆಲ್ಲ ನಿಂತಿರುತ್ತಿದ್ದವು. ದೂರು ಕೇಳಿ ಕೇಳಿ ಸಾಕಾಗಿ, ಆ ಪೆಟ್ಟಿಗೆಗಳನ್ನು ಮೂಲೆಯಲ್ಲಿ ಎಂಟು ಸೆಕೆಂಡು ಕಾಣಿಸಿ ತಾವಾಗಿ ಮಾಯವಾಗುವ ಸಂದೇಶಗಳಾಗಿ ಬದಲಿಸಿದೆ. ಒಂದೊಂದನ್ನೂ ಓದಿ ಬದಲಿಸಬೇಕಿತ್ತು. ಯಾರಿಗೆ ಬೇಕು ಎಂದು ಒಂದೇ ಏಟಿಗೆ ಎಲ್ಲವನ್ನೂ— ಫ್ರೀಜರಿನ ಬಾಗಿಲು ತೆರೆದಿದೆ ಎನ್ನುವುದನ್ನೂ ಸೇರಿಸಿ. ಅದೂ ಬದಲಾಗಿದೆಯೆಂದು ಯಾರಿಗೂ ತಿಳಿಸಲಿಲ್ಲ. ಜನ ಕೇಕ್ ತಂದು ಹಂಚಿದರು. ನಾನೂ ಹಿಗ್ಗಿದೆ.

ಮರುವಾರ ನಿಮ್ಮ ಫ್ರೀಜರಿನ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಯಾರ ಕೈಯಲ್ಲೂ ಆಗುವಂಥದ್ದು. ಎಚ್ಚರಿಕೆ ಇದ್ದದ್ದೇ ಅದಕ್ಕೆ. ಎಲ್ಲರೂ ಫಿಕಾದಲ್ಲಿದ್ದಾಗ ಸಂದೇಶ ಬಂತು, ಹೋಯಿತು. ಸಂಜೆಯ ಹೊತ್ತಿಗೆ ಒಳಗಿದ್ದ ನಿಮ್ಮ ಸ್ಯಾಂಪಲ್‌ಗಳೆಲ್ಲ ಕರಗಿ ಹಾಳಾಗಿದ್ದವು. ಹಳೆಯ ಪೆಟ್ಟಿಗೆಯಾಗಿದ್ದರೆ ನೀವು ಮರಳುವ ತನಕ ಅಲ್ಲೇ ಇರುತ್ತಿತ್ತು.

ಸಭೆಯಲ್ಲಿ ಮುಖ್ಯಸ್ಥೆ ಕೇಳಿದ್ದು ಒಂದೇ ಪ್ರಶ್ನೆ: ಕಂಪ್ಯೂಟರ್ ಎಚ್ಚರಿಸಿತ್ತೇ? ಎಚ್ಚರಿಸಿತ್ತು, ಎಂದೆ. ಎಷ್ಟು ಹೊತ್ತು ಎಂದು ಅವರು ಕೇಳಲಿಲ್ಲ, ನಾನು— ಸುಳ್ಳನ್ನೇನೂ ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪ್ರಮೇಯವೂ ಬರಲಿಲ್ಲ. ಎಲ್ಲರೂ ನಿಮ್ಮ ಕಡೆ ನೋಡುತ್ತಿದ್ದರು. ಅಲ್ಲಿ ಯಾರೂ ಗದರುವುದಿಲ್ಲ, ಸುಮ್ಮನಾಗುತ್ತಾರೆ.

ಹೊರಗೆ ಬಂದು, "ನಂದೇ ತಪ್ಪು ಸರ್, ಸ್ಕ್ರೀನ್ ನೋಡ್ಲೇ ಇಲ್ಲ ನಾನು" ಎಂದಿರಿ.

"ಆಗುತ್ತೆ ಬಿಡಿ. ಇನ್ಮೇಲೆ ಸ್ವಲ್ಪ ಗಮನ ಇರ್ಲಿ" ಎಂದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಯಾರಿಗೂ ಹೇಳದೆ ಆ ಒಂದು ಪೆಟ್ಟಿಗೆಯನ್ನು ಮೊದಲಿನಂತೆ ಮಾಡಿಟ್ಟೆ. ವರ್ಷದೊಳಗೆ ನೀವು ಪಿಎಚ್‌ಡಿ ಬಿಟ್ಟು ಮೈಸೂರಿಗೆ ಮರಳಿದಿರಿ.

ಕಳೆದ ವಾರ ಫೋನಿನಲ್ಲಿ ನಗುತ್ತಲೇ ಹೇಳಿದಿರಿ: "ಒಂದು ಲ್ಯಾಬ್‌ನಲ್ಲಿ ಕೆಲಸಕ್ಕೆ ಕರೆದ್ರು ಸರ್, ಬೇಡ ಅಂದೆ. ಇನ್ನೊಬ್ಬರ ಸ್ಯಾಂಪಲ್ ಮುಟ್ಟೋಕೆ ನನಗೆ ಧೈರ್ಯ ಇಲ್ಲ." ಆಗಲೂ ನಾನು ಬಾಯಿ ಬಿಡಲಿಲ್ಲ— ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ.

ದಣಿದಿದ್ದೇನೆ, ಶೈಲಾ. ಆದರೆ ಅದು ನಿಮ್ಮ ತಲೆನೋವಲ್ಲ. ಮುಖ್ಯಸ್ಥೆಗೆ ಇಂದು ಬೆಳಿಗ್ಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ನನಗೆ ಉತ್ತರ ಬರೆಯದಿದ್ದರೂ ಸರಿ. ಕೆಲಸಕ್ಕೆ ಕರೆದ ಆ ಲ್ಯಾಬಿನವರಿಗೆ ಮಾತ್ರ ಇವತ್ತೇ ಫೋನ್ ಮಾಡಿ.