ದಾರ ಕಟ್ಟದ ಮೆಣಸಿನಕಾಯಿ

ಫಕ್ಕೀರವ್ವ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಅವರ ಬೆರಳುಗಳನ್ನು. ಮುಖ ಆಮೇಲೆ, ಅದೂ ಮನಸ್ಸಿದ್ದರೆ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕೈ ನೋಡಿ, ಪಕ್ಕದ ಹೆಂಗಸಿಗೆ ಹೇಳುವಂತೆ ನನಗೇ ಹೇಳಿದ್ದಳು: "ಪೆನ್ನು ಹಿಡಿಯೂ ಕೈ ಇವು. ಮೊಗ್ಗಿ ಕೊಟ್ರ ಕೊಂದ ಬಿಡತಾವ."

ನಾನಾಗ ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಹೆಸರು ದೊಡ್ಡದು. ಮಾಡುತ್ತಿದ್ದುದು ಏನೆಂದರೆ, ಮೆಣಸಿನ ಪ್ಲಾಟಿನ ಗೇಟಿನಲ್ಲಿ ನಿಂತು, ಸಂಜೆ ಮನೆಗೆ ಹೊರಟ ಹೆಂಗಸರ ಬುತ್ತಿ ಚೀಲ ಬಿಚ್ಚಿಸಿ ನೋಡುವುದು. ಪ್ಲಾಟಿನ ಒಂದು ಕಾಯಿಯೂ ಹೊರಗೆ ಹೋಗಕೂಡದು, ತಳಿ ಕಳವಾಗುತ್ತದೆ ಎಂಬುದು ಕಂಪನಿಯ ಭಯ. ಆ ಭಯಕ್ಕೆ ಟೋಪಿ ಹಾಕಿ ನಿಲ್ಲಿಸಿದ ಮನುಷ್ಯ ನಾನು.

ಒಳಗೆ ನಡೆಯುತ್ತಿದ್ದ ಕೆಲಸ ಮಾತ್ರ ನನ್ನಂಥವರ ಕೈಗೆ ಎಟುಕುವಂಥದಲ್ಲ. ಹೆಣ್ಣು ಸಾಲಿನ ಮೊಗ್ಗು ಬಿರಿಯುವ ಮೊದಲೇ ಅದನ್ನು ಚಿಮಟಿಗೆಯಿಂದ ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪುಡಿ ತಾಗಿಸಿ, ತೊಟ್ಟಿಗೆ ಹಳದಿ ದಾರ ಕಟ್ಟಬೇಕು. ದಾರವಿಲ್ಲದ ಕಾಯಿ ಎಂದರೆ ತಾನಾಗಿ ಕಟ್ಟಿದ್ದು; ಕಂಡರೆ ಚಿವುಟಿ ಎಸೆಯಬೇಕು. ಮೂವತ್ತು ಹೆಂಗಸರಿಗೆ ಫಕ್ಕೀರವ್ವ ಮುಂದಾಳು. ದಿನಾ ಮೋಟೆಬೆನ್ನೂರಿನಿಂದ ಟೆಂಪೊದಲ್ಲಿ ಬರುತ್ತಿದ್ದಳು. ಆಕೆ ಕಟ್ಟಿದ ದಾರ ಗಾಳಿಗೂ ಬಿಚ್ಚುತ್ತಿರಲಿಲ್ಲ, ಮಳೆಗೂ ಬಿಚ್ಚುತ್ತಿರಲಿಲ್ಲ.

ಆಕೆಗೆ ಇದೆಲ್ಲ ಮದುವೆ ಮಾಡಿಸುವ ಕೆಲಸ. ಒಮ್ಮೆ ಬೀಜ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಕೊರಿಯಾಕ್ಕೆ ಎಂದೆ. "ಇಪ್ಪತ್ತ ವರ್ಷಾತು ಮದಿವಿ ಮಾಡಸಾಕತ್ತು," ಎಂದಳು, "ಒಂದ ಹುಡುಗಿದರ ಗಂಡನ ಮನಿ ನೋಡಿಲ್ಲ ನೋಡ್ರಿ."

ಕೊರಿಯಾದ ಖರೀದಿದಾರರು ಒಮ್ಮೆ ಪ್ಲಾಟಿಗೆ ಬಂದು ಆಕೆಯ ಬೆರಳಿನ ವಿಡಿಯೊ ಮಾಡಿಕೊಂಡು ಹೋದರು. ಮರುವರ್ಷ ಡೀಲರುಗಳಿಗೆ ಕೊರಿಯಾ ಪ್ರವಾಸ ಎಂದಾಗ, ಆ ಹೆಂಗಸನ್ನೂ ಕರೆತನ್ನಿ ಎಂದು ಅವರೇ ಬರೆದರು. ಕಂಪನಿ ಇಲ್ಲ ಎನ್ನಲಾರದೆ, ದುಭಾಷಿಯಾಗಿ ನನ್ನನ್ನೂ ಜೊತೆ ಮಾಡಿ, ಆಕೆಯ ಪಾಸ್‌ಪೋರ್ಟ್ ಮಾಡಿಸಿತು. ಅಲ್ಲಿ ನಮ್ಮ ಗಿಡ ನೋಡಲು ಸಿಗುತ್ತವೆಯೇ ಎಂಬುದೊಂದೇ ಆಕೆಯ ಪ್ರಶ್ನೆ. "ಸಿಗತಾವ ಬಾರವ್ವ, ನಾ ತೋರಸ್ತೇನಿ" ಎಂದುಬಿಟ್ಟೆ. ಹಾಗೆ ಹೇಳಲು ನನಗೆ ಏನೂ ಖರ್ಚಾಗಲಿಲ್ಲ.

ಆರು ಜನ ಡೀಲರುಗಳು ಆಕೆಗೆ ಕೇಳಿದ್ದೂ ಒಂದೇ: ಕಡಕ್ ರೊಟ್ಟಿ ಎಷ್ಟು ತರ್ತಿ? ಒಂದು ಚೀಲ ತುಂಬ ರೊಟ್ಟಿ, ಶೇಂಗಾ ಚಟ್ನಿ ತಂದಳು. ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಮೂರು ದಿನ ತಣ್ಣನೆಯ ಹಾಲ್‌ಗಳಲ್ಲಿ ಕೂತೆವು. ಮೆಣಸಿನಕಾಯಿಯ ಬಣ್ಣಬಣ್ಣದ ಚಿತ್ರ ಎಲ್ಲ ಗೋಡೆಯ ಮೇಲೂ ಇತ್ತು. ಗಿಡ ಎಲ್ಲೂ ಇರಲಿಲ್ಲ. ಆಕೆಯ ಬೆರಳಿಗೆ ಚಪ್ಪಾಳೆ ತಟ್ಟಿ ಗಾಜಿನ ಫಲಕ ಕೊಟ್ಟರು. ಫಲಕ ಹಿಂದೆ ಮುಂದೆ ತಿರುಗಿಸಿ ನೋಡಿ ಚೀಲದಲ್ಲಿ ರೊಟ್ಟಿಯ ಕೆಳಗೆ ಇಟ್ಟುಕೊಂಡಳು.

ಕೊನೆಯ ದಿನ ಗಾಂಗ್ವಾ ಎಂಬ ಹಳೆಯ ದ್ವೀಪಕ್ಕೆ ಒಂದು ದಿನದ ಪ್ರವಾಸ. ಸಣ್ಣ ಬಾವುಟ ಹಿಡಿದ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡ ಮಾಡುವುದು. ಬಸ್ಸು ಸೇತುವೆ ದಾಟಿತು. ಇದೇ ದ್ವೀಪ ಎಂದಾಗ ಬ್ಯಾಡಗಿಯ ಡೀಲರ್‌ಗೆ ಮೋಸ ಹೋದಂತಾಯಿತು. ಹಡಗಿಲ್ಲದ ದ್ವೀಪ ಎಂಥಾದ್ದು ಎಂದು ದಿನವಿಡೀ ಗೊಣಗಿದ. ಪರದೇಶದ ಹಡಗುಗಳೊಡನೆ ಕಾದಿದ ಕೋಟೆಯಲ್ಲಿ ಆರೂ ಜನ ಫಿರಂಗಿಯ ಮೇಲೆ ಕಾಲಿಟ್ಟು, ತಾವೇ ಯುದ್ಧ ಗೆದ್ದವರಂತೆ ಫೋಟೊ ತೆಗೆಸಿಕೊಂಡರು. ಊಟದಲ್ಲಿ ಮೀನು ಕಂಡು ಮೂಗು ಮುಚ್ಚಿಕೊಂಡು ಫಕ್ಕೀರವ್ವನ ಚೀಲಕ್ಕೆ ಕೈ ಹಾಕಿದರು. ರೊಟ್ಟಿ ಮುಗಿಯಿತು. ಚೆನ್ನಾಗಿತ್ತು ಎಂದು ಒಬ್ಬನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಆಮೇಲೆ ಸಾವಿರಾರು ವರ್ಷ ಹಳೆಯ ಸಮಾಧಿಕಲ್ಲು. ಎರಡು ಚಪ್ಪಡಿಗಳ ಮೇಲೆ ಮನೆಯಷ್ಟು ದೊಡ್ಡದೊಂದು ಬಂಡೆ. ಯಾವನೋ ದೊಡ್ಡ ಮನುಷ್ಯನದು ಎಂದಳು ಗೈಡ್. ಇದನ್ನು ಹೊತ್ತವರು ಯಾರು ಎಂದು ನನ್ನಿಂದ ಕೇಳಿಸಿದಳು ಫಕ್ಕೀರವ್ವ. ಅದು ಯಾರಿಗೂ ಗೊತ್ತಿಲ್ಲವಂತೆ. "ಹಂಗಾರ ಇಲ್ಲೂ ನಮ್ಮ ಕಂಪನಿದ ಪದ್ಧತಿನ ಐತಿ" ಎಂದು ಆಕೆ ಬಂಡೆಗೆ ಬೆನ್ನು ಹಾಕಿದಳು. ಇದನ್ನು ನಾನು ಇಂಗ್ಲಿಷ್ ಮಾಡಲಿಲ್ಲ.

ಅಲ್ಲಿ ನಮಗೆ ಇಪ್ಪತ್ತು ನಿಮಿಷ. ಹೊರಡುವ ಹೊತ್ತಿಗೆ ಎಣಿಸಿದರೆ ಒಬ್ಬರು ಕಡಿಮೆ. ಡೀಲರುಗಳು ಗಡಿಯಾರ ನೋಡುತ್ತ, ಇಂಥವರನ್ನು ಯಾಕೆ ತರಬೇಕಿತ್ತು ಎಂದು ನನಗೆ ಕೇಳುವಷ್ಟು ಜೋರಾಗಿ ಮಾತಾಡಿಕೊಂಡರು. ನಾನು ರಸ್ತೆಯ ಆಚೆಗೆ ಓಡಿದೆ. ಒಂದು ಮನೆಯ ಹಿಂದೆ ಕೆಂಪು ಕಾಯಿ ತುಂಬಿದ ಮೆಣಸಿನ ಸಾಲುಗಳು. ನಡುವೆ ಫಕ್ಕೀರವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಎದುರಿಗೆ ಅಗಲ ಟೋಪಿಯ ಕೊರಿಯಾದ ಮುದುಕಿಯೊಬ್ಬಳು ಈಕೆಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಇಬ್ಬರಿಗೂ ಭಾಷೆಯ ಗೊಡವೆ ಇರಲಿಲ್ಲ.

"ಇದ ನಮ್ಮ ಹುಡುಗಿ, ಸಾಹೇಬ್ರ," ಎಂದಳು ಫಕ್ಕೀರವ್ವ ಗಿಡ ಮುಟ್ಟಿ. "ಒಂದಕ್ಕೂ ದಾರ ಇಲ್ಲ ನೋಡ್ರಿ. ಒಂದನ್ನೂ ಚೂಟೂದು ಬ್ಯಾಡ. ಎಲ್ಲಾ ತಾವ ತಾವ ಆಗ್ಯಾವ."

ಅದು ನಿಜಕ್ಕೂ ಆಕೆಯ ಕೈಯ ತಳಿಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಪ್ಯಾಕೆಟ್ಟಿನ ಚಿತ್ರ ಬಿಟ್ಟರೆ ಗಿಡ ಗುರುತಿಸುವ ವಿದ್ಯೆ ನನಗೆ ಬಾರದು. ಲಗೂ ನಡಿ ಎಂದು ಗದರಿದೆ. ಮುದುಕಿ ಒಂದು ಬೊಗಸೆ ಕಾಯಿ ಕಿತ್ತು ಈಕೆಯ ರೊಟ್ಟಿ ಮುಗಿದ ಚೀಲಕ್ಕೆ ಹಾಕಿ, ಬೇಲಿಯವರೆಗೆ ಬಂದು ಕಳಿಸಿಕೊಟ್ಟಳು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬಸ್ಸಿನ ಬಾಗಿಲಲ್ಲಿ ನಾನು ಮೊದಲು ತಲುಪಿ ನಿಂತಿದ್ದೆ. ಆಕೆ ಹತ್ತಿರ ಬಂದಳು. ಯಾರೂ ಹೇಳದೆ, ನಾನೂ ಯೋಚಿಸದೆ, ನನ್ನ ಕೈ ಮುಂದೆ ಚಾಚಿಕೊಂಡಿತು. ಆಕೆಯೂ ಅಷ್ಟೇ ಅಭ್ಯಾಸದಿಂದ ಚೀಲದ ಬಾಯಿ ಬಿಚ್ಚಿ ಹಿಡಿದಳು. ನಾನು ಬಗ್ಗಿ ನೋಡಿದೆ. ಗಾಜಿನ ಫಲಕದ ಮೇಲೆ ಒಂದಿಷ್ಟು ಮೆಣಸಿನಕಾಯಿ.

ಡೀಲರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೈಡ್ ಹುಡುಗಿ ಮಾತ್ರ ಗಾಬರಿಯಿಂದ, ನಿಮ್ಮದೇನಾದರೂ ಕಳುವಾಗಿದೆಯೇ ಎಂದು ಕೇಳಿದಳು. ಅಷ್ಟು ಮರ್ಯಾದೆಯಿಂದ ನನಗೆ ಯಾರೂ ಎಂದೂ ಹೊಡೆದಿರಲಿಲ್ಲ. ಫಕ್ಕೀರವ್ವ ಸೀಟಿನಲ್ಲಿ ಕೂತು ಒಂದು ಕಾಯಿ ಕಚ್ಚಿ, ಪೂರಾ ತಿಂದಳು. "ಖಾರ ಕಡಿಮಿ," ಎಂದಳು ಕಿಟಕಿಯ ಕಡೆ ನೋಡುತ್ತ, "ಆದ್ರ ಮನಿ ಚಲೋ ಐತಿ." ಉಳಿದವನ್ನು ವಿಮಾನದಲ್ಲಿ ಒಯ್ಯಲು ಬರುವುದಿಲ್ಲವೆಂದು ನಾನೇ ಹೋಟೆಲಿನಲ್ಲಿ ಬಿಟ್ಟುಬರುವಂತೆ ಮಾಡಿದೆ. ನಿಯಮದ ವಿಷಯದಲ್ಲಿ ನಾನು ಯಾವ ದೇಶದಲ್ಲೂ ತಪ್ಪುವವನಲ್ಲ.

ಊರಿಗೆ ಬಂದ ಮೇಲೆ ಡೀಲರುಗಳು ದೂರು ಕೊಟ್ಟರು. ಆಕೆ ಹೇಳದೆ ಹೋಗಿ ಬಸ್ಸು ಕಾಯಿಸಿದ್ದು ಖರೆಯೇ ಎಂದು ಮ್ಯಾನೇಜರ್ ಕೇಳಿದ. "ಹೌದ್ರಿ ಸರ್, ಅರ್ಧ ತಾಸು ಲೇಟಾತು" ಎಂದೆ. ಗಿಡ ತೋರಿಸುತ್ತೇನೆಂದು ಮಾತು ಕೊಟ್ಟವನು ನಾನೇ ಎಂಬುದು ಬಾಯಿಂದ ಹೊರಡಲಿಲ್ಲ. ಮುಂದಿನ ಹಂಗಾಮಿಗೆ ಟೆಂಪೊ ಫಕ್ಕೀರವ್ವನಿಗಾಗಿ ಮೋಟೆಬೆನ್ನೂರಿನಲ್ಲಿ ನಿಲ್ಲಲಿಲ್ಲ. ಆ ವರ್ಷ ಪ್ಲಾಟಿನಲ್ಲಿ ದಾರಗಳು ಬಿಚ್ಚಿ ಬಿದ್ದವು. ಕಂಪನಿ ಅದಕ್ಕೆ ಹವಾಮಾನವನ್ನು ಬೈದಿತು.

ನಾನು ಆ ಕೆಲಸ ಬಿಟ್ಟ ಮೇಲೆ, ಹಾವೇರಿಗೆ ಹೋಗುವ ದಾರಿಯಲ್ಲಿ ಒಮ್ಮೆ ಮೋಟೆಬೆನ್ನೂರಿನಲ್ಲಿ ಬೈಕು ನಿಲ್ಲಿಸಿ ಆಕೆಯ ಮನೆ ಹುಡುಕಿದೆ. ಹಿತ್ತಲಲ್ಲಿ ಏಳೆಂಟು ಮೆಣಸಿನ ಗಿಡ, ದಾರವಿಲ್ಲದ ಕಾಯಿ. ಆಕೆಯ ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದು ಬೆರಳು ತಡವಿಯೇ ಗುರುತು ಹಿಡಿದಳು. ಚಹಾ ಕೊಟ್ಟಳು, ಮಕ್ಕಳನ್ನು ಕೇಳಿದಳು. ಆ ಕೊರಿಯಾದ ಮುದುಕಿ ಇದ್ದಾಳೋ ಇಲ್ಲವೋ ಎಂದೂ ಕೇಳಿದಳು. ಕೆಲಸದ ಮಾತು ಎತ್ತಲೇ ಇಲ್ಲ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಿಟ್ಟು, ಮಳೆ ಬೆಳೆಯ ಮಾತಾಡಿ ಎದ್ದೆ.

ನನ್ನ ಚೀಲ ಹೆಗಲಿಗೇರಿಸಿ ಹೊರಟಾಗ ಆಕೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

"ಚೀಲ ಬಿಚ್ಚರಿ, ಸಾಹೇಬ್ರ."

ಬಿಚ್ಚಿ ಹಿಡಿದೆ. ತಡವುತ್ತ ಹೋಗಿ ಎರಡು ಬೊಗಸೆ ಕಾಯಿ ಕಿತ್ತು ತಂದು ಅದರಲ್ಲಿ ಸುರಿದಳು. "ಹೋಗ್ರಿ ಇನ್ನ. ನಮ್ಮ ಗೇಟಿನ್ಯಾಗ ಒಯ್ಯಾಕ ಬಿಡತೇವಿ" ಎಂದಳು.

ಮತ್ತೆ ಆ ಕಡೆ ಹೋಗುವಷ್ಟರಲ್ಲಿ ಫಕ್ಕೀರವ್ವ ತೀರಿಕೊಂಡಿದ್ದಳು. ಅಂದು ತಪ್ಪಾಯಿತು ಎನ್ನಲು ಹೋಗಿದ್ದವನು, ಚೀಲ ತುಂಬ ಮೆಣಸಿನಕಾಯಿ ಹೊತ್ತುಕೊಂಡು ಬಂದಿದ್ದೆ.